ತಾಯಿಯ ಹೆಸರಿನ ಸಾಲು

"ಇಲ್ಲದ ಮಂದೀನ ಪಟ್ಟಿಗಿ ಸೇರ್ಸಿದವ್ರು ನೀವೇ ಏನ್ರಿ?"

ಜೇವರ್ಗಿಯ ಬೀಜ ಸಹಕಾರ ಸಂಘದ ಕಚೇರಿಗೆ ಕಾಲಿಟ್ಟವಳೇ ಸುಮಿತ್ರಾಬಾಯಿ ಕೇಳಿದ್ದು ಅದನ್ನೇ. ಎದುರಿಗಿದ್ದ ದೌಲತರಾಯ ಕುರ್ಚಿ ಸರಿಸಿ, ಮೊದಲು ಕೂಡ್ರಿ ಎಂದ.

ಅದು 1998ರ ಮೇ ತಿಂಗಳು. ಸಂಘದ ಗುಲಬರ್ಗಾ ಕಚೇರಿಯ ದೊಡ್ಡ ಕಂಪ್ಯೂಟರಿನಲ್ಲಿದ್ದ ಕೋಬಾಲ್ ಎಂಬ ಹಳೆಯ ಭಾಷೆಯ, ಬೀಜ ಪಡೆಯುವ ರೈತರ ಪಟ್ಟಿ ಮಾಡುವ ಪ್ರೋಗ್ರಾಮನ್ನು ಹೊಸ ಭಾಷೆಗೆ ಬದಲಿಸುವ ಕೆಲಸ ಅವಳದು. ಹನ್ನೆರಡು ವರ್ಷದ ಹಿಂದೆ ಅದನ್ನು ಬರೆದವನು ಇವನು. ಆರು ತಿಂಗಳು ಅವನ ಸಾಲುಗಳನ್ನು ಓದುತ್ತ ಓದುತ್ತ, ಮುಖ ಕಾಣದ ಈ ಮನುಷ್ಯನನ್ನು ಅವಳು ಮೆಚ್ಚಿಕೊಂಡುಬಿಟ್ಟಿದ್ದಳು. ಎಷ್ಟು ಅಚ್ಚುಕಟ್ಟು... ಒಂದು ಸಾಲೂ ದಂಡವಿಲ್ಲ!

ಅದಕ್ಕೇ ಈಗ ಇಷ್ಟು ನೋವು.

ಸರಸಂಬಾ ಹಳ್ಳಿಯ ಪಟ್ಟಿಯಲ್ಲಿ 'ಬೀರಲಿಂಗಪ್ಪ ತಂದೆ ಚಂದಪ್ಪ' ಮೂರು ಸಲ ಇದ್ದ. ಮೂವರೂ ಹುಟ್ಟಿದ್ದು ಒಂದೇ ಇಸವಿಯ ಜೂನ್ ಒಂದಕ್ಕೆ. ಇಂಥವು ನೂರಾರು. ತಾಯಿಯ ಹೆಸರು ಬೇರೆಯಿದ್ದರೆ ಎಲ್ಲರನ್ನೂ ಉಳಿಸು ಎನ್ನುವ ಅವನ ಸಾಲುಗಳು ಅವಳಿಗೆ ಸುಳ್ಳು ಹೆಸರಲ್ಲಿ ಬೀಜ ಲಪಟಾಯಿಸುವ ಕಳ್ಳದಾರಿಯಂತೆ ಕಂಡವು. ಅವನ್ನು ಬಿಟ್ಟೇ ಹೊಸದನ್ನು ಬರೆದಿದ್ದಳು. ಹೊಸ ಪಟ್ಟಿಯಲ್ಲಿ ಒಬ್ಬನೇ ಬೀರಲಿಂಗಪ್ಪ ಉಳಿದಿದ್ದ. ಬರುವ ಸೋಮವಾರ ಆ ಪಟ್ಟಿಯಂತೆ ಬಿತ್ತನೆ ಬೀಜ ಹಂಚಬೇಕು. ಅವನ ಮೇಲಿನ ದೂರೂ ಚೀಲದಲ್ಲಿತ್ತು. ಕೊಡುವ ಮುನ್ನ ಒಮ್ಮೆ ಮುಖ ನೋಡಬೇಕೆನಿಸಿತ್ತು, ಅಷ್ಟೇ.

"ನೀವು ಹುಟ್ಟಿದ ತಾರೀಖ ಯಾವ್ದ್ರಿ?" ದೌಲತರಾಯ ಕೇಳಿದ.

ಅವಳದೂ ಜೂನ್ ಒಂದು... ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಅವಳ ಊರು ಅತನೂರಿನ ಶಾಲೆಯ ಮಾಸ್ತರರು ಬರೆದದ್ದು ಅದನ್ನೇ. ಅದನ್ನು ತಾನು ಹೇಗೆ ಮರೆತೆ?

"ಮೂರೂ ಬೀರಲಿಂಗಪ್ಪಗೋಳ ಮನ್ಯಾಗ ಚಾ ಕುಡ್ದೇನ್ರಿ," ಎಂದು ಅವನು ನಕ್ಕ.

ಆಮೇಲೆ ಮೆಲ್ಲಗೆ ಹೇಳಿದ. ಅವನ ತಾಯಿ ಗುರುಶಾಂತಮ್ಮನ ಹೆಸರಿನವರು ಊರಲ್ಲಿ ಇನ್ನೊಬ್ಬರಿದ್ದರು. ಒಂದು ವರ್ಷ ಪಟ್ಟಿಯಲ್ಲಿ ಒಂದೇ ಹೆಸರು ಉಳಿದು, ತಾಯಿ ಖಾಲಿ ಚೀಲ ಹಿಡಿದು ಮನೆಗೆ ಬಂದಿದ್ದರು. ಅದಕ್ಕೇ ಅವನು ಹಳ್ಳಿ ಹಳ್ಳಿ ತಿರುಗಿ ತಾಯಂದಿರ ಹೆಸರು ಕೇಳಿ ಬರೆದುಕೊಂಡಿದ್ದ.

ಸುಮಿತ್ರಾಬಾಯಿ ದೂರಿನ ಕಾಗದ ತೆಗೆದು ನಾಲ್ಕು ತುಂಡು ಮಾಡಿದಳು.

ಅಂದೇ ಇಬ್ಬರೂ ಗುಲಬರ್ಗಾದ ಬಸ್ಸು ಹತ್ತಿದರು. ಮೂರು ದಿನ ಅವನು ಸಕ್ಕರೆ ಕಡಿಮೆಯ ಚಹಾ ತರಿಸಿ ಕುಡಿಯುತ್ತ ಒಂದೊಂದೇ ಸಾಲಿನ ಅರ್ಥ ಹೇಳಿದ, ಅವಳು ಹೊಸ ಭಾಷೆಯಲ್ಲಿ ಬರೆದಳು. ಸೋಮವಾರ ಸರಸಂಬಾದಲ್ಲಿ ಮೂವರು ಬೀರಲಿಂಗಪ್ಪಗಳೂ ಬೀಜದ ಚೀಲ ಹೊತ್ತು ನಡೆದರು. ಅವಳು ಅವರನ್ನಲ್ಲ, ಅವರನ್ನು ನೋಡುತ್ತ ನಿಂತವನನ್ನೇ ನೋಡುತ್ತಿದ್ದಳು.

"ಕೆಲಸ ಮುಗೀತು. ನಾ ಹೊಂಟೇನ್ರಿ," ಎಂದಳು ಸುಮಿತ್ರಾಬಾಯಿ.

"ನಿಮ್ಮ ತಾಯಿ ಹೆಸರೇನ್ರಿ?"

"ಗುರುಬಾಯಿ. ಯಾಕ್ರಿ?"

"ಅತನೂರಾಗ ಸುಮಿತ್ರಾಬಾಯಿ ನಾಕು ಮಂದಿ ಅದಾರ. ಹೆಣ್ಣು ಕೇಳಾಕ ಹೋದಾಗ ಮನಿ ತಪ್ಪಬಾರದಲ್ರಿ..."

ಅವಳ ಕಣ್ಣು ತುಂಬಿ ಬಂತು.

"ಬೇವಿನ ಗಿಡದ ಮನಿ ಕೇಳ್ರಿ. ನಿಮ್ಮ ಚಾದಾಗ ಸಕ್ಕರಿ ಕಡಿಮಿ ಹಾಕಂತ ಅವ್ವಗ ಹೇಳಿರ್ತೇನಿ."