ಬಲಗಾಲಿನ ಅಟ್ಟೆ

ಮೂವತ್ತು ಜೋಡಿ ಬೂಟುಗಳನ್ನು ಯಜಮಾನರ ಮೇಜಿನ ಮೇಲೆ ಮಗುಚಿಟ್ಟಿದ್ದರು. ಎಡಗಾಲಿನ ಅಟ್ಟೆಗಳು ಗಟ್ಟಿಮುಟ್ಟಾಗಿದ್ದವು. ಬಲಗಾಲಿನ ಮೂವತ್ತಕ್ಕೂ ತೂತು ಬಿದ್ದಿತ್ತು.

"ಎಡಗಡೆಯದು ಹಳೇ ರಬ್ಬರ್, ಬಲಗಡೆಯದು ನಾನು ಕಂಡುಹಿಡಿದ ಹೊಸದು," ಎಂದ ಕಾರ್ಖಾನೆಯ ತಜ್ಞ. ಯಜಮಾನರ ಅಳಿಯ ಬೇರೆ. "ನನ್ನ ಲೆಕ್ಕ ತಪ್ಪಲ್ಲ. ಇವಳು ಒಳ್ಳೇ ರಬ್ಬರ್ ಕದ್ದು ಕಸ ಬೆರೆಸಿದ್ದಾಳೆ. ಇನ್‌ಸ್ಪೆಕ್ಟರ್, ಅರೆಸ್ಟ್ ಮಾಡಿ!"

ಇವಳು ಎಂದರೆ ರಬ್ಬರಕ್ಕ. ಇಪ್ಪತ್ತೆರಡು ವರ್ಷದಿಂದ ರಬ್ಬರ್ ಬೆರೆಸುತ್ತಿದ್ದವಳು. ಸಂಜೆಯೊಳಗೆ ಕೆಲಸ ಹೋಗುವುದಿತ್ತು, ಜೈಲೂ ಕಾದಿತ್ತು.

"ಕದ್ದು ಏನ್ ಮಾಡ್ಲಿ ಸಾರ್? ಅಗಿದು ನುಂಗ್ಲಾ?"

ಇನ್‌ಸ್ಪೆಕ್ಟರ್ ಒಂದು ತೂತಿನಲ್ಲಿ ಬೆರಳಾಡಿಸಿದರು. "ಇವನ್ನ ಹಾಕ್ಕೊಂಡಿದ್ದೋರು ಯಾರು?"

"ನಮ್ಮ ಪ್ರೆಸ್ ವಿಭಾಗದವರು, ಎರಡು ತಿಂಗಳು. ಒಬ್ಬನದೇ ಎರಡು ಕಾಲು — ಒಂದೇ ಮೈಭಾರ, ಒಂದೇ ನೆಲ. ವೈಜ್ಞಾನಿಕ ವಿಧಾನ. ನಿಮಗೆ ಅರ್ಥ ಆಗೋದು ಕಷ್ಟ."

"ಪ್ರಯತ್ನ ಪಡ್ತೀನಿ. ಹೊಸದೆಲ್ಲ ಬಲಗಾಲಿಗೇ ಯಾಕೆ?"

"ನೆನಪಿಟ್ಕೊಳ್ಳೋಕೆ ಸುಲಭ."

"ಓಹೋ! ನೆನಪಿನ ಶಕ್ತಿ ಅಷ್ಟಕ್ಕಷ್ಟೇನಾ? ನಡೀರಿ, ಪ್ರೆಸ್ ನೋಡೋಣ."

ಶೆಡ್ಡಿನಲ್ಲಿ ಸಾಲಾಗಿ ಯಂತ್ರಗಳು. ಪ್ರತಿಯೊಂದರ ಕೆಳಗೂ ಗರಗಸದಂಥ ಹಲ್ಲಿನ ಕಬ್ಬಿಣದ ಪೆಡಲ್. ಕೆಲಸಗಾರರ ಎಡಗಾಲು ನೆಲದ ಮೇಲೆ ಆರಾಮಾಗಿತ್ತು. ಬಲಗಾಲು ತುಳಿಯುತ್ತಿತ್ತು, ಬಿಡುತ್ತಿತ್ತು, ಮತ್ತೆ ತುಳಿಯುತ್ತಿತ್ತು.

ಅಳಿಯನ ಮುಖ ಕಪ್ಪಿಟ್ಟಿತು.

"ಆ ಬೂಟುಗಳ ಹಿಮ್ಮಡಿ ಯಾರೂ ನೋಡ್ಲೇ ಇಲ್ಲ," ಎಂದರು ಇನ್‌ಸ್ಪೆಕ್ಟರ್. "ಎಡ, ಬಲ ಎರಡೂ ಒಂದೇ ಸಮ ಸವೆದಿದೆ. ಹಿಮ್ಮಡಿಗೂ ಅದೇ ರಬ್ಬರ್, ಕಸ ಬೆರೆಸಿದ್ರೆ ಬಲಗಡೆ ಅದೂ ಹೋಗ್ಬೇಕಿತ್ತು. ತೂತು ಇರೋದು ಬೆರಳ ಬುಡದಲ್ಲಿ ಮಾತ್ರ, ಪೆಡಲ್ ತಾಗೋ ಕಡೆ."

"ಹಾಗಾದ್ರೆ ಕಳ್ಳರು ಯಾರು?" ಯಜಮಾನರು ಕೇಳಿದರು.

"ಕಳ್ಳತನವೇ ಆಗಿಲ್ಲ. ತಪ್ಪಿತಸ್ಥರು ನಿಮ್ಮ ಅಳಿಯ. ಇವರು ಕೇಳಿದ ಪ್ರಶ್ನೆ, ಯಾವ ರಬ್ಬರ್ ಬಾಳಿಕೆ ಬರುತ್ತೆ ಅಂತ. ಪರೀಕ್ಷೆ ಮಾಡಿದ್ದು, ಯಾವ ಕಾಲು ಹೆಚ್ಚು ದುಡಿಯುತ್ತೆ ಅಂತ. ಅದನ್ನ ಆ ಪೆಡಲ್ ತುಳಿಯೋರು ಯಾರಾದ್ರೂ ಒಂದೇ ಮಾತಲ್ಲಿ ಹೇಳ್ತಿದ್ರು."

"ಹೊಸ ರಬ್ಬರ್ ಒಳ್ಳೇದಾ, ಕೆಟ್ಟದ್ದಾ?"

"ಯಾರಿಗೆ ಗೊತ್ತು? ಮತ್ತೆ ಮಾಡಿಸಿ. ಹೊಸ ಅಟ್ಟೆ ಅರ್ಧ ಜನಕ್ಕೆ ಎಡಗಾಲಿಗೆ, ಅರ್ಧ ಜನಕ್ಕೆ ಬಲಗಾಲಿಗೆ. ಯಾರಿಗೆ ಯಾವ ಕಾಲು ಅನ್ನೋದನ್ನ ಚೀಟಿ ಎತ್ತಿ ತೀರ್ಮಾನಿಸಿ. ಅದಕ್ಕೆ ಡಿಗ್ರಿ ಬೇಡ."

ಯಜಮಾನರು ಅಳಿಯನತ್ತ ನೋಡದೆ, "ಅಕ್ಕ, ನೀನು ಕೆಲಸಕ್ಕೆ ಹೋಗಮ್ಮ," ಎಂದರು.

ರಬ್ಬರಕ್ಕ ಕದಲಲಿಲ್ಲ.

"ಚೀಟಿ ನಾನೇ ಬರೀತೀನಿ ಯಜಮಾನ್ರೇ. ಇವ್ರ ಕೈಗೆ ಕೊಟ್ರೆ ನೆನಪಿಗೆ ಸುಲಭ ಅಂತ ಎಲ್ಲದ್ರಲ್ಲೂ 'ಬಲ' ಅಂತಲೇ ಬರೀತಾರೆ."