ಮೊದಲ ಬೆಸುಗೆ

ನರಸೀಪುರದ ಹೊರಗೆ, ಹೊಸ ನೀರಿನ ಟ್ಯಾಂಕಿನ ಪಕ್ಕದ ಗೋಡೆ ಬೆಳಗಾಗುವಷ್ಟರಲ್ಲಿ ನೆಲ ಕಚ್ಚಿತ್ತು. ಪರೀಕ್ಷೆಗೆಂದು ನೀರು ಬಿಟ್ಟಿದ್ದರು. ಪೈಪಿನ ಬೆಸುಗೆ ಬಿಟ್ಟು, ನೀರು ಗೋಡೆಯ ತಳದ ಮಣ್ಣನ್ನೇ ಕೊರೆದಿತ್ತು. ಕಾವಲುಗಾರ ಮಾದುವಿನ ಕಾಲು ಅದರಡಿ ಸಿಕ್ಕಿ ಮುರಿದಿತ್ತು.

ಬೆಸುಗೆ ಪರೀಕ್ಷಿಸುವ ಸುಚೇತಾ ನಂಜನಗೂಡಿನಿಂದ ಯಂತ್ರದ ಪೆಟ್ಟಿಗೆ ಹೊತ್ತು ಬರುವ ಹೊತ್ತಿಗೆ, ಬೆಸುಗೆ ಹಾಕಿದ ಶಿವರಾಜು ಪೊಲೀಸ್ ಜೀಪಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

"ಕೇಸು ಮುಗಿದಂಗೇ ಮೇಡಂ," ಎಂದ ಸಬ್ ಇನ್‌ಸ್ಪೆಕ್ಟರ್ ಕಿರಣ್. "ಕಂಟ್ರಾಕ್ಟರ್ ಜೊತೆ ಜಗಳ ಆಡವ್ನೆ. 'ಈ ಲೈನಲ್ಲಿ ಅದೆಂಗೆ ನೀರು ಹರೀತದೋ ನೋಡ್ತೀನಿ' ಅಂದಿದ್ನಂತೆ. ಇಲ್ನೋಡಿ, ಗರಗಸದ ಗುರುತು. ನೀವು ಹೂಂ ಅಂದ್ರೆ ಒಳಗ್ ಹಾಕ್ತೀನಿ."

"ಬಾಯ್ತಪ್ಪಿ ಅಂದೆ ಸಾ," ಜೀಪಿನಿಂದ ಶಿವರಾಜುವಿನ ದನಿ. "ನನ್ ಕೈಯಾರೆ ಹಾಕಿದ ಬೆಸುಗೇನ ನಾನೇ ಕುಯ್ತೀನಾ?"

ಸುಚೇತಾ ಪೈಪಿನ ಪಕ್ಕ ಕುಕ್ಕರಿಸಿದಳು. ಆತುರದವರ ಜೊತೆ ವಾದಕ್ಕಿಳಿಯುವುದು ಅವಳ ಜಾಯಮಾನವಲ್ಲ. ಪೆಟ್ಟಿಗೆ ಬಿಚ್ಚಿದಳು.

*

ಕರಿ ಪ್ಲಾಸ್ಟಿಕ್ ಪೈಪು. ಎರಡು ತುದಿಗಳನ್ನು ಹೆರೆದು, ಒರೆಸಿ, ಕಾದ ತಟ್ಟೆಗೆ ತಾಗಿಸಿ ಕರಗಿಸಿ, ಒಂದಕ್ಕೊಂದು ಒತ್ತಿದರೆ ಬೆಸುಗೆ. ಹೊರಗಿನಿಂದ ಎಲ್ಲ ಬೆಸುಗೆಯೂ ಚೆಂದವೇ. ಚೆಂದ ನೋಡಿಯೇ ಇವನ್ನು ಹೂತಿದ್ದರು. ಒಳಗಿನದು ತಿಳಿಯಬೇಕಾದರೆ ಮನುಷ್ಯರ ಕಿವಿಗೆ ಎಟುಕದ ಶಬ್ದವನ್ನು ಕಳಿಸಬೇಕು. ಚೆನ್ನಾಗಿ ಕೂಡಿಕೊಂಡ ಕಡೆ ಅದು ಸಲೀಸಾಗಿ ದಾಟಿಹೋಗುತ್ತದೆ. ಬಿರುಕೋ ಕಸವೋ ಸಿಕ್ಕರೆ ತಿರುಗಿ ಬಂದು ಪರದೆಯ ಮೇಲೆ ಕೆಂಪಗೆ ಚಾಡಿ ಹೇಳುತ್ತದೆ.

ಪೈಪಿಗೆ ನೀರು ಸವರಿ, ಬೆಂಕಿಪೊಟ್ಟಣದಷ್ಟಿದ್ದ ಸಾಧನವನ್ನು ಬೆಸುಗೆಯ ಗುಂಟ ಜಾರಿಸಿದಳು.

"ಇದು ಗರಗಸ ಅಲ್ಲ ಕಿರಣ್, ಜೆಸಿಬಿ ಹಲ್ಲು. ಅಗೆಯುವಾಗ ತಾಗಿದೆ, ಬರೀ ಮೇಲಿನ ಗೀರು. ಬೆಸುಗೆ ಬಿಟ್ಟಿರೋದು ತಳದಲ್ಲಿ."

ತಳಕ್ಕೆ ಬಂದಾಗ ಪರದೆ ಕೆಂಪಾಯಿತು. ಮೂರು ಕಲೆ. ಪಕ್ಕಪಕ್ಕದಲ್ಲಿ, ನಡುವೆ ಒಂದೇ ಸಮನಾದ ಸಂದು.

"ಮರಳು ಸೇರ್ಕೊಂಡದೆ. ಒರೆಸೇ ಇಲ್ಲ ಇವ್ನು," ಕಿರಣ್ ಪರದೆಗೆ ಇಣುಕಿದ.

"ಮರಳು ಹೀಗೆ ಸಾಲು ಹಿಡಿದು ಕೂರುತ್ತಾ?"

ಕಿರಣ್ ಟೋಪಿ ತೆಗೆದು ತಲೆ ಕೆರೆದುಕೊಂಡ.

*

ಆಗ ಬಂದರು ರಾಚಯ್ಯ. ಊರಿಗೆ ನೀರು ಬಿಡುತ್ತಿದ್ದ ಹಳೇ ನೀರುಗಂಟಿ. ಹಳೆಯ ಕಬ್ಬಿಣದ ಕೊಳಾಯಿ ನೆಲದಡಿ ಎಲ್ಲೆಲ್ಲಿದೆಯೆಂದು ತೋರಿಸಲು ಕಂಟ್ರಾಕ್ಟರು ಅವರನ್ನು ಊರೂರಿಗೂ ಕರೆದೊಯ್ದಿದ್ದ.

"ಕೃಷ್ಣಮೂರ್ತಿ ಮೇಷ್ಟ್ರ ಮಗಳಲ್ವಾ ನೀನು?"

ಸುಚೇತಾಳಿಗೆ ಬಾಲ್ಯದ ಬೀದಿ ಕಣ್ಮುಂದೆ ಬಂತು. ಬೀದಿಯ ತುದಿಯಲ್ಲಿ ಹಿತ್ತಾಳೆ ಕೊಡಗಳ ಸಾಲು. ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿ ಬರುತ್ತಿದ್ದ ಈ ರಾಚಯ್ಯ. "ತಿರುಗ್ಸು ಮಗಾ" ಎಂದು ಅವಳ ಕೈಗೇ ಕೊಡುತ್ತಿದ್ದರು. ಕೊಳಾಯಿ ಮೊದಲು ಕೆಮ್ಮುತ್ತಿತ್ತು, ಆಮೇಲೆ ನದಿ ಕಪಿಲೆಯೇ ಬರುತ್ತಿದ್ದಳು. ಎಲ್ಲರದೂ ತುಂಬಿದ ಮೇಲೆ ರಾಚಯ್ಯನವರ ಹೆಂಡತಿ ಮುದ್ದಮ್ಮ ಕೊನೆಗೆ ತನ್ನ ಮಣ್ಣಿನ ಗಡಿಗೆ ಒಡ್ಡುತ್ತಿದ್ದಳು. ಇಡೀ ಬೀದಿಗೆ ನೀರು ತಂದವಳು ತಾನೇ ಎಂದು ಪುಟ್ಟ ಸುಚೇತಾ ಬೀಗುತ್ತಿದ್ದಳು. ಆ ಸುಖ ಆಮೇಲೆ ಯಾವ ಕೆಲಸದಲ್ಲೂ ಸಿಗಲಿಲ್ಲ.

"ನೀರಿನ ಕೆಲ್ಸಾನೇ ಇಡ್ದಿದ್ದೀಯ. ಒಳ್ಳೇದಾಗ್ಲಿ ಕನವ್ವ." ರಾಚಯ್ಯ ಸೊಂಟದ ಚೀಲಕ್ಕೆ ಕೈ ಹಾಕಿ, ಮೂರು ಬೆರಳಲ್ಲಿ ಅವಳ ಹಣೆಗೆ ವಿಭೂತಿ ಎಳೆದರು.

ಸುಚೇತಾ ನಿಂತಲ್ಲೇ ನಿಂತಳು. ಕೈಯಲ್ಲಿದ್ದ ಪರದೆಯಲ್ಲಿ ಮೂರು ಕಲೆ.

ಮರಳು ಎಂದು ಹೇಳಿ ಹೊರಟುಬಿಡಬಹುದಿತ್ತು. ರಾಚಯ್ಯ ಉಳಿಯುತ್ತಿದ್ದರು, ಶಿವರಾಜು ಒಳಗೆ ಹೋಗುತ್ತಿದ್ದ. ಅವಳು ಜೀಪಿನ ಕಡೆ ನೋಡಿದಳು.

"ತಾತ, ಈ ಪೈಪಿಗೂ ವಿಭೂತಿ ಇಟ್ರಾ?"

"ಇಡ್ದೆ ಇರ್ತೀನಾ? ಊರೂರಲ್ಲೂ ಮೊದಲ್ನೇ ಜೋಡ್ಣೆಗೆ ಇಡ್ತೀನಿ. ಪೈಪಿನ್ ಬಾಯ್ಗೆ ನಂಜುಂಡಪ್ಪನ ವಿಭೂತಿ ಇಡ್ದೆ ನೀರ್ ಬಿಟ್ಟೋನಲ್ಲ ನಾನು."

"ಎಲ್ಲಿಟ್ರಿ?"

"ಅಡೀಲಿ. ಮೇಗಿಟ್ರೆ ಶಿವರಾಜು ಬೈದು ಒರೆಸಾಕ್ತನೆ. ಅವ್ನು ಒರ್ಸಿ, ಕಾದ್ ತಟ್ಟೆ ತರಾಕ್ ಓದಾಗ ಮೆತ್ತಗೆ..." ಅವಳ ಮುಖ ನೋಡಿ ಮಾತು ನಿಲ್ಲಿಸಿದರು. "ಯಾಕವ್ವ?"

ಸುಚೇತಾ ಬಿಡಿಸಿ ಹೇಳಿದಳು. ಕಬ್ಬಿಣದ ಕೊಳಾಯಿಯನ್ನು ಸೀಸ ಸುರಿದು ಬಿಗಿಯುತ್ತಿದ್ದರು, ಬೂದಿಯಿಂದ ಅದಕ್ಕೇನೂ ಆಗುತ್ತಿರಲಿಲ್ಲ. ಪ್ಲಾಸ್ಟಿಕ್ಕಿಗೆ ಬೇರೆ ಅಂಟಿಲ್ಲ, ತಾನೇ ಕರಗಿ ಕೂಡಬೇಕು. ನಡುವೆ ಚಿಟಿಕೆ ಬೂದಿ ಕೂತರೂ ಅಲ್ಲಿ ಬೆಸೆಯುವುದಿಲ್ಲ.

ರಾಚಯ್ಯ ಕಿರಣ್ ಮುಂದೆ ಎರಡೂ ಕೈ ಚಾಚಿದರು. "ಆ ಉಡುಗನ್ನ ಬಿಡಿ ಸಾ. ಮಾದು ಕಾಲ್ ಮುರ್ದೋನು ನಾನು."

*

"ಹುಡುಗನ್ನ ಉಳಿಸೋಕೆ ಮುದುಕಪ್ಪ ಕಥೆ ಕಟ್ತಿರಬೋದು," ಎಂದ ಕಿರಣ್. ಎಲ್ಲರನ್ನೂ ಜೀಪಿಗೆ ಹತ್ತಿಸಿ ಬನ್ನೂರಿಗೆ ಹೊರಟ. ಅಲ್ಲಿನ ಮೊದಲ ಬೆಸುಗೆಯನ್ನು ಅಗೆಸಿ ನೋಡಿದರೆ, ತಳದಲ್ಲಿ ಅದೇ ಮೂರು ಕಲೆ.

ಮುಂದಿನ ಊರು ಸೋಮನಾಥಪುರದಲ್ಲಿ ಸುಚೇತಾ ಮೊದಲ ಬೆಸುಗೆಯ ಸುತ್ತಲೂ ಸಾಧನ ಜಾರಿಸಿದಳು. ಮತ್ತೆ ಜಾರಿಸಿದಳು. ಒಂದು ಚುಕ್ಕೆಯೂ ಇಲ್ಲ.

"ಬಿತ್ತಲ್ಲ ಮೇಡಂ ನಿಮ್ಮ ಲೆಕ್ಕ!"

ಶಿವರಾಜುವಿನ ಮುಖ ಬಿಳಿಚಿತು. ರಾಚಯ್ಯ ಪೈಪಿನ ಪಕ್ಕ ಮಣ್ಣಲ್ಲಿ ಕುಸಿದು ಕೂತರು.

"ಲೆಕ್ಕ ಸರಿಯಾಗೈತೆ ಸಾ. ಇಲ್ಲಿ ನಾನ್ ಇಡ್ನಿಲ್ಲ. ಸೂತ್ಕ ಇತ್ತು, ವಿಭೂತಿ ಮುಟ್ಟಂಗಿರ್ನಿಲ್ಲ."

"ಯಾರು ತಾತ?" ಸುಚೇತಾ ಕೇಳಿದಳು. ಕೇಳುವಾಗಲೇ ಗೊತ್ತಾಯಿತು.

"ಮುದ್ದಮ್ಮ."

ಕಿರಣ್ ಟೋಪಿ ತೆಗೆದ. ಶಿವರಾಜುವಿಗೆ ಮನೆಗೆ ಹೋಗು ಎಂದು ಕೈ ಮಾಡಿದ. ಶಿವರಾಜು ಹೋಗದೆ ಬಂದು ಮುದುಕನ ಪಕ್ಕ ಕೂತ.

ರಾಚಯ್ಯ ಆ ಬೆಸುಗೆಯನ್ನು ಮೂರು ಬೆರಳಲ್ಲಿ ಸವರಿದರು. ಬೆರಳಲ್ಲಿ ಬೂದಿ ಇರಲಿಲ್ಲ.

"ಎಲ್ಲಾ ಊರೂ ನಾನ್ ಕೆಡಿಸ್ದೆ ಕನವ್ವ. ಇದೊಂದೂರ ಅವ್ಳು ಉಳುಸ್ಬುಟ್ಟು ಓದ್ಲು."