ಹಡಗಲಿಯ ಹವಳದ ತೊಟ್ಟಿ

ತಮ್ಮ ಗೋಳು ಹೇಳಿಕೊಂಡು ಬಂದವರಿಗೆ ವಾಣಿಶ್ರೀಯವರ ಮನೆಯ ಮೆಟ್ಟಿಲು ತೋರಿಸುವ ಕೆಲಸ ಸರ್ಫರಾಜನದಾಗಿತ್ತು. ಕೊಟ್ಟೂರಿನಲ್ಲಿ ಅವನ ಬೈಕ್ ಗ್ಯಾರೇಜಿನ ಮೇಲಿನ ಮನೆಯಲ್ಲೇ ಅವರು ಬಾಡಿಗೆಗಿದ್ದರು. ಪೊಲೀಸ್ ಇಲಾಖೆಯ ಬೆರಳಮುದ್ರೆ ವಿಭಾಗದಿಂದ ನಿವೃತ್ತರಾಗಿ ಬಂದ ಮೇಲೆ, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾರ ಮನೆಯಲ್ಲಿ ಬಿಡಿಸಲಾಗದ ಗಂಟು ಬಿದ್ದರೂ ಮಂದಿ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಊರೂರು ತಿರುಗುವವನು ಸರ್ಫರಾಜ. ಆ ಸೋಮವಾರ ಮಾತ್ರ ಗ್ರೀಸ್ ಕೈಯನ್ನು ಒರೆಸಿಕೊಳ್ಳುತ್ತ ಅವರ ಬಾಗಿಲಲ್ಲಿ ನಿಂತವನು ಅವನೇ.

"ಈ ಸಲ ಕೇಸು ನಂದೇ ಐತ್ರಿ ಅಕ್ಕಾರ," ಅಂದ. "ನನ್ನ ಮಗಳದು."

ಅವನ ಮಗಳು ಗುಲಫಶಾ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಳು. ಹಡಗಲಿಯ ಮಲ್ಲಿಗೆ ವ್ಯಾಪಾರಿ ಕ್ರಾಂತಿಕುಮಾರ್ ತಮ್ಮ ನಡುಮನೆಯಲ್ಲಿ ದೊಡ್ಡದೊಂದು ಗಾಜಿನ ತೊಟ್ಟಿ ಇಡಿಸಿ, ಅದರಲ್ಲಿ ಸಮುದ್ರದಂಥ ಉಪ್ಪುನೀರು ತುಂಬಿಸಿ, ಜೀವಂತ ಹವಳ ಸಾಕುತ್ತಿದ್ದರು. ಆ ತೊಟ್ಟಿಯೊಳಗೆ ನೀರು ಹೇಗೆ ಸುತ್ತಬೇಕೆಂದು ಯೋಚಿಸಿ ಪೈಪು, ಪಂಪು ಜೋಡಿಸಿದವಳು ಗುಲಫಶಾ. ಹವಳ ನಿಂತಲ್ಲೇ ಇರುವ ಜೀವ. ಅದಕ್ಕೆ ಅನ್ನ ತರುವುದೂ ನೀರೇ, ಅದರ ಹೊಲಸು ಒಯ್ಯುವುದೂ ನೀರೇ. ಊಟಕ್ಕೆ ಕೂತಾಗಲೆಲ್ಲ ಅವಳು ಇದನ್ನು ಎಷ್ಟು ಸಲ ಹೇಳಿದ್ದಳೆಂದರೆ, ಸರ್ಫರಾಜ ಆಯಿಲ್ ಬದಲಿಸಲು ಬಂದ ಗಿರಾಕಿಗಳಿಗೂ ಅದನ್ನೇ ಎದೆಯುಬ್ಬಿಸಿ ಹೇಳುತ್ತಿದ್ದ.

ಕಳೆದ ಗುರುವಾರ ಬೆಳಿಗ್ಗೆ ಕರೆಂಟು ಹೋಗಿತ್ತು. ಮೇಲಿನ ತೊಟ್ಟಿಯ ಅರ್ಧ ನೀರು ಕೆಳಗಿನ ಸಣ್ಣ ತೊಟ್ಟಿಗೆ ಇಳಿದು, ಅದು ತುಂಬಿ, ನಡುಮನೆಯೆಲ್ಲ ಹರಿದಿತ್ತು. ತೂಕಕ್ಕೆಂದು ಅಲ್ಲೇ ಇಳಿಸಿದ್ದ ರೈತರ ಹೂವಿನ ಚೀಲಗಳು ಉಪ್ಪುನೀರಲ್ಲಿ ತೊಯ್ದು, ಮಲ್ಲಿಗೆ ಕಂದಿಹೋಗಿತ್ತು. ಮೇಲಿನ ಹವಳಗಳು ಗಾಳಿಗೆ ಬಿದ್ದು ಮುದುಡಿದ್ದವು. ರೈತರ ಮುಂದೆ ತಲೆ ತಗ್ಗಿಸಬೇಕಾದ ಸಿಟ್ಟಿನಲ್ಲಿ ಕ್ರಾಂತಿಕುಮಾರ್, ಬುಧವಾರ ತೊಟ್ಟಿ ಕೀಳಿಸುತ್ತೇನೆ ಅಂದಿದ್ದರು. ಗುಲಫಶಾಳಿಂದಲೇ ತೊಟ್ಟಿ ಮಾಡಿಸಬೇಕೆಂದಿದ್ದ ಹರಪನಹಳ್ಳಿಯ ಡಾಕ್ಟರರಿಗೂ ಬೇಡವೆಂದು ಹೇಳುತ್ತೇನೆ ಅಂದಿದ್ದರು. ಅಲ್ಲಿಗೆ ಈ ಸೀಮೆಯಲ್ಲಿ ಅವಳ ಕೆಲಸವನ್ನು ನಂಬುವವರು ಯಾರೂ ಉಳಿಯುತ್ತಿರಲಿಲ್ಲ.

"ಅಕಿ ಅತ್ತಿದ್ರ ನನಗ ಇಷ್ಟು ತ್ರಾಸ ಆಗ್ತಿರಲಿಲ್ರಿ. ಕುಂತಲ್ಲೇ ಕುಂತು ಲೆಕ್ಕಾ ಹಾಕಾಕತ್ಯಾಳ. ತಪ್ಪು ನಂದೇ ಇರಬೇಕು ಅಬ್ಬಾ, ಅಂತಾಳ."

ವಾಣಿಶ್ರೀ ಕನ್ನಡಕ ತೆಗೆದು ಮಡಚಿದರು. "ಬರ್ತೀನಿ. ಆದ್ರ ತಪ್ಪು ಅಕಿದೇ ಅಂತ ಗೊತ್ತಾದ್ರ, ಎಲ್ಲರ ಮುಂದ ಹಾಂಗೇ ಹೇಳ್ತೀನಿ. ನಡೀತೈತಿ?"

ಸರ್ಫರಾಜ ಕೈ ಒರೆಸಿದ ಬಟ್ಟೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡ. "ಹೇಳ್ರಿ," ಅಂದ.

ಮಂಗಳವಾರ ಹಗರಿಬೊಮ್ಮನಹಳ್ಳಿ ದಾಟಿ ಅವರು ಹಡಗಲಿ ಮುಟ್ಟಿದಾಗ ಗುಲಫಶಾ ಮೊದಲ ಬಸ್ಸಿಗೇ ಬಂದು ಹವಳಗಳ ಆರೈಕೆಗೆ ನಿಂತಿದ್ದಳು. ಹರಿದುಹೋದ ನೀರನ್ನು ಅವಳು ಗುರುವಾರವೇ ಮತ್ತೆ ತುಂಬಿಸಿದ್ದಳು; ಆದರೆ ಕೆಳಗಿನ ತೊಟ್ಟಿಯಿಂದ ನೀರೆತ್ತುವ ದೊಡ್ಡ ಪಂಪನ್ನು ಅಂದಿನಿಂದ ಕ್ರಾಂತಿಕುಮಾರ್ ಚಾಲೂ ಮಾಡಲು ಬಿಟ್ಟಿರಲಿಲ್ಲ. ತೊಟ್ಟಿಯ ಎರಡು ತುದಿಗಳಲ್ಲಿ ಎದುರುಬದುರಾಗಿ ಕೂಡಿಸಿದ್ದ ಸಣ್ಣ ಪಂಪುಗಳು ಮಾತ್ರ ಇನ್ವರ್ಟರ್ ಮೇಲೆ ಓಡುತ್ತ, ನೀರನ್ನು ಅಲುಗಾಡಿಸುತ್ತ ಹವಳಗಳ ಜೀವ ಹಿಡಿದಿದ್ದವು.

ಆಳದಲ್ಲಿ ಮುಳುಗಿದ್ದ ಪೈಪಿನ ಬಾಯಿಯನ್ನು ಗುಲಫಶಾ ತೋರಿಸಿದಳು. ಕಲ್ಲುಗಳ ಹಿಂದೆ ನೀರು ಸತ್ತು ನಿಂತು ಹೊಲಸು ಕೂರಬಾರದೆಂದು, ದೊಡ್ಡ ಪಂಪಿನ ನೀರು ಅಲ್ಲಿಗೇ ಬೀಳುವಂತೆ ಮಾಡಿದ್ದಳು. ಆದರೆ ಪಂಪು ನಿಂತರೆ ಅದೇ ಪೈಪು ನೀರನ್ನು ಹಿಂದಕ್ಕೆ ಎಳೆಯುತ್ತದೆ, ಬೈಕಿನ ಟ್ಯಾಂಕಿನಿಂದ ನಳಿಗೆಯಲ್ಲಿ ಪೆಟ್ರೋಲ್ ಇಳಿಸಿದ ಹಾಗೆ. ಅದನ್ನು ತಡೆಯಲು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪೈಪಿಗೆ ಒಂದು ಸಣ್ಣ ತೂತು ಕೊರೆದಿದ್ದಳು. ಪಂಪು ನಿಂತೊಡನೆ ಆ ತೂತು ಗಾಳಿ ಕುಡಿಯುತ್ತದೆ, ಎಳೆತ ಕಡಿಯುತ್ತದೆ. ನೀರಿನೊಳಗೆ ಕೊರೆದರೆ ಪಾಚಿಯೋ ಬಸವನಹುಳವೋ ಮುಚ್ಚೀತೆಂದು ಮೇಲೆ ಕೊರೆದದ್ದು.

"ಗುರುವಾರ ನಾ ಬಂದು ನೋಡಿದಾಗ ತೂತು ತೆರೆದೇ ಇತ್ತು," ಅಂದಳು. "ಆದ್ರೂ ನೀರು ಇಳಿದೈತಿ. ಯಾಕಂತ ನನಗ ಗೊತ್ತಾಗವಲ್ದು."

ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವ ಮಗಳನ್ನು ಕಂಡು ಸರ್ಫರಾಜನಿಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು.

ಪೈಪು ಬಿಚ್ಚುವ ಅಳತೆ ನೋಡಲು ಬಂದಿದ್ದ ಪ್ಲಂಬರ್ ಮೈಲಪ್ಪ ಗೋಡೆಗೊರಗಿ ನಗುತ್ತಿದ್ದ. ಈ ಕೆಲಸ ತನಗೆ ಸಿಗಲಿಲ್ಲವೆಂಬ ಉರಿ ಅವನಿಗೆ ಇನ್ನೂ ಆರಿರಲಿಲ್ಲ. "ಸೋರೋ ಪೈಪು ಮುಚ್ಚೂದು ನಮ್ಮ ದಂಧೆ. ಚೊಲೊ ಪೈಪಿಗೆ ತಾನೇ ತೂತು ಹಾಕೋರನ್ನ ಇವತ್ತ ನೋಡಿದೆ ನೋಡ್ರಿ," ಅಂದ.

ವಾಣಿಶ್ರೀ ಅವನ ಮಾತಿಗೆ ತಿರುಗಲಿಲ್ಲ. ಪೈಪಿಗೆ ಮುಖ ತಾಗುವಷ್ಟು ಬಗ್ಗಿ ನೋಡಿದರು. ನೀರಿನ ಮೇಲಿದ್ದ ಪೈಪಿನ ತುಂಬ ಉಪ್ಪು ಬಿಳಿ ಹೆಪ್ಪುಗಟ್ಟಿತ್ತು. ತೂತು ಇದ್ದಲ್ಲಿ ಮಾತ್ರ ಎರಡು ಬೆರಳಗಲ, ಬಳೆ ತೊಡಿಸಿದಂತೆ ಸುತ್ತಲೂ ನುಣ್ಣಗಿತ್ತು. ನೀನು ಒರೆಸಿದ್ದೆಯಾ ಎಂದು ಕೇಳಿದ್ದಕ್ಕೆ ಗುಲಫಶಾ ಇಲ್ಲವೆಂದಳು.

ಆಮೇಲೆ ಅವರು ಕ್ರಾಂತಿಕುಮಾರರ ತಾಯಿ ದ್ಯಾಮಕ್ಕನ ಪಕ್ಕ ಕೂತರು. ತೊಟ್ಟಿಯ ಬದಿಯ ಮಂಚವೇ ಅವಳ ಮಲಗುವ ಜಾಗ. ಮುದುಕಿ ಮನಸ್ಸು ಬಿಚ್ಚಿ ಮಾತಾಡಿದಳು. ಮೊದಮೊದಲು ತೊಟ್ಟಿಯಿಂದ ಸುಂಯ್ ಎನ್ನುವ ಸದ್ದು ಬಂದು ಕಣ್ಣು ಹತ್ತುತ್ತಿರಲಿಲ್ಲವಂತೆ. ಈಚೆಗೆ ಒಳ್ಳೆಯ ನಿದ್ದೆಯಂತೆ. ಸದ್ದು ನಿಂತದ್ದು ನೀರು ಹರಿದ ಮೇಲೋ, ಅದಕ್ಕೂ ಮೊದಲೋ ಎಂದು ವಾಣಿಶ್ರೀ ಕೇಳಿದರು.

"ಮೊದಲೇರಿ. ಅಮಾಸಿ ದಿನ ನಿಂತಿತ್ತು. ನೀರು ಹರಿದದ್ದು ಅದರ ಮ್ಯಾಲೆ."

ಅಮಾವಾಸ್ಯೆಗಿಂತ ಮೊದಲು ಕರೆಂಟು ಹತ್ತಾರು ಸಲ ಹೋಗಿದ್ದರೂ ಹನಿ ನೀರು ಚೆಲ್ಲಿರಲಿಲ್ಲ, ಆಮೇಲೆ ಹೋದದ್ದು ಗುರುವಾರವೇ ಮೊದಲು ಎಂಬುದನ್ನು ಕ್ರಾಂತಿಕುಮಾರ್ ಒಪ್ಪಿದರು. ಗುರುವಾರ ತಾವು ಬಸ್ ಸ್ಟ್ಯಾಂಡಿನಲ್ಲಿ ಹೂ ಏರಿಸುತ್ತಿದ್ದುದಾಗಿಯೂ, ಅವ್ವ ಹಿತ್ತಲಲ್ಲಿದ್ದಳೆಂದೂ, ತಮ್ಮ ಅರುಣ್ ಕುಮಾರ್ ಮೊದಲು ಮನೆಗೆ ಬಂದು ನೀರು ಕಂಡು ಫೋನ್ ಮಾಡಿದನೆಂದೂ ಹೇಳಿದರು. ಬಾಗಿಲ ಬಳಿ ನಿಂತಿದ್ದ ಅರುಣ್ ಹೌದೆಂದು ತಲೆಯಾಡಿಸಿದ.

ಸರ್ಫರಾಜ ಗಾಳಿಗೆಂದು ಅಂಗಳಕ್ಕೆ ಬಂದ. ಎಲ್ಲಿ ಬೈಕ್ ಕಂಡರೂ ನಿಂತು ನೋಡುವುದು ಅವನ ಚಾಳಿ. ಅರುಣ್ ದಿನಾ ಹೂವಿನ ಚೀಲ ಕಟ್ಟಿಕೊಂಡು ಬರುವ ಬೈಕು ಅಲ್ಲೇ ನಿಂತಿತ್ತು. ಕ್ಯಾರಿಯರಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಸುತ್ತಿದ್ದ. ಎಲ್ಲ ಕಪ್ಪಗಿದ್ದರೆ, ಒಂದು ಮಾತ್ರ ಬೂದಿ ಬಳಿದಂತೆ ಬೆಳ್ಳಗಿತ್ತು. ಬೈಕ್ ತೊಳೆಯುವ ಅಭ್ಯಾಸವೇ ಇಲ್ಲ ಇವನಿಗೆ ಎಂದು ಸರ್ಫರಾಜ ವಾಣಿಶ್ರೀಯವರಿಗೆ ಚಾಡಿ ಹೇಳಿದ. ಅವರು ಬಂದು, ಆ ಪಟ್ಟಿಯ ಮೇಲೆ ಬೆರಳಾಡಿಸಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಕುಡಿಯಲು ನೀರು ತರಿಸಿಕೊಂಡರು. ಆಮೇಲೆ, ಎಲ್ಲರನ್ನೂ ನಡುಮನೆಗೆ ಕರೆ ಅಂದರು.

ಎಲ್ಲರೂ ಕೂತ ಮೇಲೆ ಗುಲಫಶಾಗೆ ದೊಡ್ಡ ಪಂಪು ಹಾಕಲು ಹೇಳಿದರು. ತೂತಿನಿಂದ ನೀರು ಸಣ್ಣಗೆ ಚಿಮ್ಮುತ್ತ ಸುಂಯ್‌ಗುಟ್ಟಿತು. "ಇದೇರಿ ಆ ಸದ್ದು," ಅಂದಳು ದ್ಯಾಮಕ್ಕ.

"ಈಗ ಬಂದ್ ಮಾಡು."

ಗುಲಫಶಾ ಸ್ವಿಚ್ ಆರಿಸಿದಳು. ಕ್ರಾಂತಿಕುಮಾರ್ ಗಾಬರಿಯಿಂದ ಕೆಳಗಿನ ತೊಟ್ಟಿಗೆ ಬಗ್ಗಿದರು. ಮೈಲಪ್ಪನೂ ಬಗ್ಗಿದ. ಗುಲಫಶಾ ಮಾತ್ರ ತೊಟ್ಟಿಗೆ ಬೆನ್ನು ಹಾಕಿ ನಿಂತು, ಕಾಲಿಗೆ ತೊಡರುತ್ತಿದ್ದ ವೈರನ್ನು ಸುತ್ತತೊಡಗಿದಳು. ಆ ಬೆನ್ನನ್ನು ನೋಡುತ್ತ ಸರ್ಫರಾಜ ನೀರು ನೋಡುವುದನ್ನೇ ಮರೆತ. ನೀರು ಒಂದು ಬೆರಳಷ್ಟೂ ಇಳಿಯದೆ ನಿಂತಿತ್ತು.

"ಇದು ಈ ಹುಡುಗಿ ಹಾಕಿದ ಪ್ಲ್ಯಾನು," ಅಂದರು ವಾಣಿಶ್ರೀ. ಬೈಕಿನಿಂದ ಬಿಚ್ಚಿ ಮುಷ್ಟಿಯಲ್ಲಿ ತಂದಿದ್ದ ಬೆಳ್ಳನೆಯ ರಬ್ಬರ್ ಪಟ್ಟಿಯನ್ನು ಬಿಡಿಸಿ ತೂತಿನ ಮೇಲೆ ಸುತ್ತಿದರು. ಆ ನುಣ್ಣನೆಯ ಬಳೆಗೆ ಅದು ಅಳತೆ ಮಾಡಿದಂತೆ ಕೂತಿತು. ಪಂಪು ಹಾಕಿಸಿದರು; ಸದ್ದಿಲ್ಲ. ಆರಿಸಿದರು. ನೀರು ಇಳಿಯಿತು, ಇಳಿಯುತ್ತಲೇ ಹೋಯಿತು. ಕೆಳಗಿನ ತೊಟ್ಟಿಯ ಅಂಚು ಮುಟ್ಟುವ ಹೊತ್ತಿಗೆ ಕ್ರಾಂತಿಕುಮಾರ್ "ಸಾಕ್ರಿ, ಸಾಕ್ರಿ" ಅಂದರು. ಪಟ್ಟಿ ಎಳೆದದ್ದೇ ನೀರು ನಿಂತಿತು.

ವಾಣಿಶ್ರೀ ಒಂದೊಂದಾಗಿ ಬಿಡಿಸಿ ಹೇಳಿದರು. ಸದ್ದು ನಿಂತದ್ದು ಅಮಾವಾಸ್ಯೆಗೆ. ಅಂದರೆ ತೂತು ಮುಚ್ಚಿದ್ದು ಅಂದು. ಗುಲಫಶಾ ಗುರುವಾರ ಬಂದಾಗ ತೂತು ತೆರೆದಿತ್ತು. ಅಂದರೆ ನೀರು ಹರಿದ ಮೇಲೆ, ಅವಳು ಬರುವ ಮೊದಲು ಯಾರೋ ಬಿಚ್ಚಿದ್ದಾರೆ. ಮೈಲಪ್ಪನಿಗೆ ಹೊಟ್ಟೆಯುರಿ ಇತ್ತು ನಿಜ, ಆದರೆ ಅವನು ಮುಚ್ಚಿದ್ದರೆ ಪೈಪಿಗೆ ಅಂಟು ಮೆತ್ತುತ್ತಿದ್ದ, ಅದರ ಗುರುತು ಉಳಿಯುತ್ತಿತ್ತು. ಗುರುವಾರ ಅವನು ಈ ಮನೆಗೆ ಬಂದೂ ಇರಲಿಲ್ಲ. ಮೊದಲು ಒಳಗೆ ಬಂದವನು ಒಬ್ಬನೇ. ಅವನ ಬೈಕಿನ ಪಟ್ಟಿಗೆ ಸಮುದ್ರದ ಉಪ್ಪು ಹತ್ತಿದೆ.

ಅರುಣ್ ಎದ್ದು ನಿಂತ. "ಅವ್ವಗ ನಿದ್ದಿ ಬರ್ತಿರಲಿಲ್ರಿ ಅಕ್ಕಾರ. ಪೈಪು ಸೋರಾಕತ್ತೈತಿ ಅಂದ್ಕಂಡು ಕಟ್ಟಿದೆ. ನೀರು ಹರಿದಿದ್ದು ನೋಡಿ, ನಾ ಮುಟ್ಟಿದ್ದು ಅದೊಂದೇ, ಅದಕ್ಕೇ ಹಿಂಗಾತು ಅಂತ ಹೆದರಿ ಬಿಚ್ಚಿದೆ. ಅಣ್ಣನ ಮುಂದ ಬಾಯಿ ಬರಲಿಲ್ಲ."

"ಕಟ್ಟಿದ್ದು ತಪ್ಪಲ್ಲೋ ತಮ್ಮಾ," ಅಂದರು ವಾಣಿಶ್ರೀ. "ಸೋರೂದು ಕಂಡ್ರ ಈ ಸೀಮ್ಯಾಗ ಯಾರಿದ್ರೂ ಕಟ್ಟವರೇ. ಬಿಚ್ಚಿ ಸುಮ್ಮನಿದ್ದಿ ನೋಡು, ಅದು ತಪ್ಪು. ತನ್ನ ಲೆಕ್ಕಾ ತಾನೇ ನಂಬದಂಗ ಮಾಡಿದಿ ಈ ಹುಡುಗೀನ."

ಅರುಣ್ ಗುಲಫಶಾಳ ಕಡೆ ತಿರುಗಿ ಕೈಮುಗಿದ. ದ್ಯಾಮಕ್ಕ ಮಗನನ್ನು ಬೈಯಲಾರದೆ, ಬಿಡಲೂ ಆರದೆ ಸೆರಗು ಹಿಂಡುತ್ತ ಕೂತಿದ್ದಳು. ಗುಲಫಶಾ ಮಂಚವನ್ನು ನೋಡಿದಳು, ತೊಟ್ಟಿಯನ್ನು ನೋಡಿದಳು.

"ನೀರು ಹೆಂಗ ತಿರುಗಬೇಕು ಅಂತಷ್ಟೇ ನೋಡಿದೆ," ಅಂದಳು. "ಬಾಜೂಕ ಅಜ್ಜಿ ಮಲಗ್ತಾರ ಅಂತ ಕೇಳಲಿಲ್ಲ. ಅದು ಪ್ಲ್ಯಾನಿನ ತಪ್ಪೇ ಐತಿ." ಆ ತೂತು ಮುಚ್ಚಿ, ನೀರಿನ ಮಟ್ಟಕ್ಕೆ ತುಸು ಕೆಳಗೆ ಎರಡು ತೂತು ಕೊರೆಯುತ್ತೇನೆ, ಆಗ ಸದ್ದಿರುವುದಿಲ್ಲ, ಒಂದು ಕಟ್ಟಿದರೂ ಇನ್ನೊಂದು ಗಾಳಿ ಎಳೆಯುತ್ತದೆ, ಆದರೆ ವಾರಕ್ಕೊಮ್ಮೆ ಬ್ರಶ್ ಆಡಿಸಬೇಕು ಎಂದಳು. ಬ್ರಶ್ಶಿನ ಕೆಲಸ ಅರುಣನದೆಂದು ಕ್ರಾಂತಿಕುಮಾರ್ ಅಲ್ಲೇ ತೀರ್ಮಾನಿಸಿದರು. ಕಡೆಗೆ ಫೋನ್ ತೆಗೆದು ಹರಪನಹಳ್ಳಿಯ ಡಾಕ್ಟರರಿಗೆ ಹಚ್ಚಿದರು. ತಪ್ಪು ತಮ್ಮ ಮನೆಯದೇ ಎಂದರು, ಹುಡುಗಿಯನ್ನು ಹೊಗಳಿದರು, ಫೋನನ್ನು ಅವಳ ಕೈಗೇ ಕೊಟ್ಟರು.

ಗುಲಫಶಾ ದುಪಟ್ಟಾದ ತುದಿಗೆ ಒದ್ದೆ ಕೈ ಒರೆಸಿ ಫೋನನ್ನು ಕಿವಿಗಿಟ್ಟುಕೊಂಡಳು.

"ಸಲಾಂ ಡಾಕ್ಟರ್," ಅಂದಳು. "ತೊಟ್ಟಿ ಇಡೋ ಕೋಣ್ಯಾಗ ಯಾರು ಮಲಗ್ತಾರ, ಅದನ್ನ ಹೇಳ್ರಿ ಮೊದಲು."